ಇಲ್ಲೆ ಅಂದರೆ ಎಲ್ಲಿ?

ನಮ್ಮ ಆಸ್ಪತ್ರೆಯಲ್ಲಿ ಒಮ್ಮೊಮ್ಮೆ ಕಬ್ಬಿಣದ ಮಾತ್ರೆ ಮುಗಿಯುತ್ತದೆ, ಹತ್ತಿ ಮುಗಿಯುತ್ತದೆ, ನನ್ನ ತಾಳ್ಮೆಯಂತೂ ಬೆಳಿಗ್ಗೆ ಹನ್ನೊಂದಕ್ಕೇ ಮುಗಿಯುತ್ತದೆ. ಮುಗಿಯದೇ ಇರುವುದು ಒಂದೇ, ಬಸುರಿಯರು ಬಸುರಿಯರಿಗೆ ಕೊಡುವ ಸಲಹೆ. ಗುರುವಾರ ಅವರ ತಪಾಸಣೆಯ ದಿನ. ಆವತ್ತು ಏನಾದರೊಂದು ಎಡವಟ್ಟು ಆಗದೇ ಹೋದರೆ, ಇವತ್ತು ಬುಧವಾರವೇ ಇರಬೇಕು ಅಂತ ನಾನು ಕ್ಯಾಲೆಂಡರ್ ನೋಡುತ್ತೇನೆ.

ನಾನು ಶಿರಸಿಯ ಒಂದು ಹೆರಿಗೆ ಆಸ್ಪತ್ರೆಯಲ್ಲಿ ನರ್ಸು. ಹುಟ್ಟಿದ್ದು ಹಾನಗಲ್ ಕಡೆ, ಹದಿನಾಲ್ಕು ವರ್ಷ ಕೆಲಸ ಮಾಡಿದ್ದು ಹಾವೇರಿಯಲ್ಲಿ. ಶಿರಸಿಗೆ ಬಂದಾಗ ನನ್ನ ಬಾಯಲ್ಲಿ 'ಬರ್ರಿ', 'ಕೂಡ್ರಿ', 'ಛಲೋ' ಬಿಟ್ಟರೆ ಬೇರೆ ಇರಲಿಲ್ಲ. ಇಲ್ಲಿಯ ತೋಟದ ಮನೆಯವರಿಗೆ ತಮ್ಮದೇ ಒಂದು ಮಾತಿದೆ. ಆದರೆ ಹೊರಗಿನವರ ಹತ್ತಿರ ಅವರು ಪೇಟೆ ಕನ್ನಡವನ್ನೇ ಆಡುತ್ತಾರೆ. ಹಾಗಾಗಿ ಮೊದಲ ತಿಂಗಳು ನನಗೇನೂ ತೊಂದರೆಯಾಗಲಿಲ್ಲ. ಭಾಷೆಯಲ್ಲಿ ನಾನು ಪಾಸು ಅಂತಲೇ ತಿಳಿದಿದ್ದೆ.

ಆಗ ಬಂದಳು ಕಾನಸೂರಿನಾಕೆ.

ಹೆಸರು ಬೇಡ, ಕಾನಸೂರಿನಾಕೆ ಅಂದರೆ ಸಾಕು. ಮದುವೆಯಾಗಿ ಎಂಟು ವರ್ಷ. ಎರಡು ಸಲ ಬಸಿರು ನಿಂತು, ಎರಡೂ ಸಲ ಕೈತಪ್ಪಿತ್ತು. ಇದು ಮೂರನೆಯದು. ಮೊದಲ ದಿನವೇ ಡಾಕ್ಟರಮ್ಮ ಅವಳನ್ನು ಕೂರಿಸಿಕೊಂಡು, "ನೋಡು, ಎಲ್ಲ ಸರಿ ಇದೆ. ಹೆದರಬೇಡ. ಆದರೆ ನೋವು ಅಂತ ಸ್ವಲ್ಪ ಅನಿಸಿದರೂ ತಡ ಮಾಡದೆ ನಮಗೆ ಹೇಳಬೇಕು. ಅದೊಂದು ನೆನಪಿಟ್ಟುಕೋ" ಅಂದರು. ಆಕೆ ತಲೆ ಆಡಿಸಿ, ಚೀಲದಿಂದ ಇನ್ನೂರು ಪುಟದ ನೋಟ್‌ಬುಕ್ಕು ತೆಗೆದು ಅದನ್ನು ಬರೆದುಕೊಂಡಳು. ಈ ಸಲ ಮಗು ಕೈಗೆ ಬರಬೇಕು, ತನ್ನಿಂದ ಒಂದು ತಪ್ಪೂ ಆಗಬಾರದು, ಅವಳಿಗಿದ್ದದ್ದು ಅದೊಂದೇ ಆಸೆ. ತಪ್ಪು ಮಾಡಲು ನಾವೆಲ್ಲ ಇದ್ದೆವಲ್ಲ.

ಮುಂದೆ, ಹಿಂದೆ

ಈಕೆಯದ್ದೊಂದು ಗುಣ. ಗಾಬರಿಯಾದರೆ ಪೇಟೆ ಕನ್ನಡ ಹಾರಿಹೋಗಿ ಮನೆಮಾತೇ ಬಾಯಿಗೆ ಬರುತ್ತಿತ್ತು. ನನ್ನ ಧ್ವನಿ ಕೇಳಿದರೆ ಯಾರಿಗಾದರೂ ಗಾಬರಿಯೇ.

"ಏನವ್ವಾ, ನೋವು ಐತೇನು?" ಅಂದೆ.

"ಇದ್ದು" ಅಂದಳು.

ನಮ್ಮ ಕಡೆ 'ಇದ್ದು' ಅಂದರೆ ಮಾತು ಇನ್ನೂ ಮುಗಿದಿಲ್ಲ ಅಂತ. ಇದ್ದು, ಆಮೇಲೆ ಏನೋ ಆಯಿತು, ಹೋಯಿತು ಅಂತ ಮುಂದುವರಿಯಬೇಕು. ನಾನು ಪೆನ್ನು ಹಿಡಿದು ಕಾದೆ. ಆಕೆಯೂ ನನ್ನ ಮುಖ ನೋಡುತ್ತ ಕಾದಳು.

"ಇದ್ದು... ಮುಂದ ಏನು?"

"ಮುಂದೆ ಎಂತ ಇಲ್ಲೆ. ಹಿಂದೆ ಇದ್ದು."

ಪಕ್ಕದಲ್ಲಿದ್ದ ಡಾಕ್ಟರಮ್ಮ ಸಿದ್ದಾಪುರದವರು, ಎರಡೂ ಭಾಷೆ ಬಲ್ಲವರು. ಅವರು ಸ್ಟೆತಾಸ್ಕೋಪು ಕಿವಿಗೆ ಹಾಕಿಕೊಂಡು ನಗು ತಡೆದುಕೊಂಡರು. ನನಗೆ ಅರ್ಥವಾದದ್ದು ಇಷ್ಟೇ, ಮುಂದೆ ಎಲ್ಲೋ ಇಲ್ಲೇ ನೋವಿದೆ ಅಂತ. ನಮ್ಮಲ್ಲಿ 'ಇಲ್ಲೆ' ಅಂದರೆ ಇಲ್ಲಿಯೇ ಅಂತ ತಾನೇ? ಹೊಟ್ಟೆ ಮುಟ್ಟಿ, "ಇಲ್ಲೆ?" ಅಂದೆ. "ಇಲ್ಲೆ" ಅಂದಳು. ಪಕ್ಕಕ್ಕೆ ಮುಟ್ಟಿ, "ಮತ್ತ ಇಲ್ಲೆ?" "ಇಲ್ಲೆ." ಕೆಳಗೆ, ಮೇಲೆ, ಎಡಕ್ಕೆ, ಬಲಕ್ಕೆ, ಎಲ್ಲಿ ಮುಟ್ಟಿದರೂ ಇಲ್ಲೆ.

"ಡಾಕ್ಟರೇ, ಮೈತುಂಬ ನೋವು ಐತಿ ಅಂತಾಳ್ರಿ!"

"ಇಲ್ಲ ಕಣ್ರೀ," ಅಂದರು ಡಾಕ್ಟರಮ್ಮ ಕಣ್ಣೊರೆಸಿಕೊಳ್ಳುತ್ತ, "ಅವರ ಮಾತಲ್ಲಿ 'ಇದ್ದು' ಅಂದರೆ ಇದೆ. 'ಇಲ್ಲೆ' ಅಂದರೆ ಇಲ್ಲ. ಅವಳಿಗೆ ಬೆನ್ನು ಒಂದು ಚೂರು ನೋಯುತ್ತಿದೆ, ಅಷ್ಟೇ. ನೀವು ಒತ್ತಿದ್ದಕ್ಕೆ ಈಗ ಹೊಟ್ಟೆಯೂ ನೋಯುತ್ತಿರಬಹುದು."

ಎರಡು ಕಾಲಮ್ಮು

ತಪಾಸಣೆಯ ಕೋಣೆಯ ಹೊರಗೆ ಒಂದು ಉದ್ದ ಬೆಂಚಿದೆ. ಡಾಕ್ಟರಮ್ಮ ಒಬ್ಬೊಬ್ಬರಿಗೆ ಐದು ನಿಮಿಷ ಕೊಟ್ಟರೆ ಬೆಂಚು ಎರಡು ತಾಸು ಕೊಡುತ್ತದೆ. ಆ ಬೆಂಚಿನ ಯಜಮಾನಿಕೆ ಆಗ ಯಲ್ಲಾಪುರದಾಕೆಯ ಕೈಯಲ್ಲಿತ್ತು. ಗಂಡ ಲಾರಿ ಓಡಿಸುತ್ತಿದ್ದ. ಇವಳಿಗೆ ಇದು ಮೂರನೇ ಹೆರಿಗೆ. ತವರು ಶಿರಸಿಯಾದ್ದರಿಂದ ಇಲ್ಲಿಗೇ ಬರುತ್ತಿದ್ದಳು. ಎರಡು ಹೆತ್ತ ಅಧಿಕಾರದಲ್ಲಿ ಕಾಲು ಚಾಚಿ ಕೂತು, ಮೊದಲ ಸಲದವರಿಗೆಲ್ಲ ಪಾಠ ಹೇಳುತ್ತಿದ್ದಳು.

ಕಾನಸೂರಿನಾಕೆ ನೋಟ್‌ಬುಕ್ಕಿನ ಪ್ರತಿ ಪುಟಕ್ಕೂ ನಡುವೆ ಗೆರೆ ಎಳೆದು 'ಮಾಡವು', 'ಮಾಡಲಾಗ' ಅಂತ ಎರಡು ಕಾಲಮ್ಮು ಮಾಡಿದ್ದಳು. ಮಾಡಬೇಕಾದ್ದು, ಮಾಡಬಾರದ್ದು. ಯಾರು ಏನು ಹೇಳಿದರೂ "ತಡೀರಿ, ಬರ್ಕತ್ತೆ" ಅಂದು ಬರೆಯುವುದು.

"ತುಪ್ಪ ತಿನ್ನಬೇಕು, ಮಗು ಜಾರಿ ಬರ್ತದೆ" ಅಂದಳು ಯಲ್ಲಾಪುರದಾಕೆ. ಎಡಕ್ಕೆ ಬರೆದಳು. "ತುಪ್ಪ ಮುಟ್ಟಬಾರದು, ಮಗು ದಪ್ಪ ಆಗಿ ಸಿಕ್ಕಿ ಬೀಳ್ತದೆ" ಅಂದಳು ಆ ತುದಿಯವಳು. ಬಲಕ್ಕೆ ಬರೆದಳು. ನಡೆಯಬೇಕು, ನಡೆಯಬಾರದು. ಮಧ್ಯಾಹ್ನ ಮಲಗಬೇಕು, ಮಲಗಿದರೆ ಮಗು ಸೋಮಾರಿಯಾಗುತ್ತದೆ. ಕೇಸರಿ ಹಾಲು ಕುಡಿದರೆ ಮಗು ಬೆಳ್ಳಗಾಗುತ್ತದೆ ಅಂತ ಯಲ್ಲಾಪುರದಾಕೆ ಹೇಳಿ, "ನಾನು ಎರಡಕ್ಕೂ ಕುಡಿದೆ ಮಾರಾಯ್ತಿ, ಎರಡೂ ಅವರಪ್ಪನ ಹಾಗೇ ಆಗಿದ್ವು" ಅಂತ ಅವಳೇ ತೀರ್ಪು ಕೊಟ್ಟಳು. ಅದನ್ನು ಯಾವ ಕಾಲಮ್ಮಿಗೆ ಹಾಕುವುದು ಅಂತ ಕಾನಸೂರಿನಾಕೆ ನನ್ನನ್ನು ಕೇಳಿದಳು.

ಒಂದು ದಿನ ಡಾಕ್ಟರಮ್ಮ ಆ ನೋಟ್‌ಬುಕ್ಕು ತೆಗೆದುಕೊಂಡು ಓದಿದರು. ಕೊನೆಯ ಪುಟ ಬಂದಾಗ ಮಾತ್ರ ಆಕೆ ನಾಚಿಕೊಂಡು ಅಂಗೈ ಅಡ್ಡ ಇಟ್ಟಳು, ತೋರಿಸಲಿಲ್ಲ. ಇರಲಿ ಅಂತ ಡಾಕ್ಟರಮ್ಮ ಬಿಟ್ಟರು. "ಇಷ್ಟೆಲ್ಲ ಬರೆದಿದ್ದೀಯಲ್ಲ, ಹೋದ ಸಲ ನಾನು ಒಂದೇ ಒಂದು ಮಾತು ಹೇಳಿದ್ದೆ, ಮನಸ್ಸು ಹಗುರ ಇಟ್ಟುಕೋ ಅಂತ. ಅದೆಲ್ಲಿ?"

ಆಕೆ ಹುಡುಕಿ ತೋರಿಸಿದಳು. ಎಡಗಡೆಯ ಕಾಲಮ್ಮಿನಲ್ಲಿ, ನಲವತ್ತೇಳನೇ ಸಾಲಿನಲ್ಲಿ ಸಣ್ಣಕ್ಷರದಲ್ಲಿ ಇತ್ತು: 'ಮನಸ್ಸು ಹಗುರ ಇಟ್ಕಳವು, ಪುರಸೊತ್ತು ಸಿಕ್ಕರೆ.'

ಕೂಸು

ಆರನೇ ತಿಂಗಳಲ್ಲಿ ನಾನು ಜೈಲಿಗೆ ಹೋಗುವುದು ಸ್ವಲ್ಪದರಲ್ಲಿ ತಪ್ಪಿತು.

ಹೊಟ್ಟೆಗೆ ಸಣ್ಣ ಯಂತ್ರ ಹಿಡಿದು ಮಗುವಿನ ಎದೆಬಡಿತ ಕೇಳಿಸುತ್ತೇವಲ್ಲ, ಕಾನಸೂರಿನಾಕೆಗೂ ಕೇಳಿಸಿದೆ. ಟಕಟಕ ಅಂತ ಜೋರಾಗಿಯೇ ಬಂತು. ಅವಳ ಕಣ್ಣಲ್ಲಿ ನೀರು. ನನಗೂ ಖುಷಿಯಾಗಿ, "ಕೂಸು ಆರಾಮ ಐತಿ, ಏನೂ ಚಿಂತಿ ಮಾಡಬ್ಯಾಡ" ಅಂದೆ.

"ಕೂಸಾ?" ಅಂತ ಕಣ್ಣರಳಿಸಿದಳು. "ಖಾತ್ರಿನಾ ಸಿಸ್ಟರೇ?"

"ಕೂಸಲ್ಲದ ಮತ್ತೇನು ಕುರಿಮರಿ ಇರತೈತೇನು? ನೂರಕ್ಕ ನೂರು ಕೂಸು!"

ಅವಳು ಹೊರಗೆ ಹೋದ ಎರಡೇ ನಿಮಿಷಕ್ಕೆ ಬೆಂಚಿನಲ್ಲಿ ಗುಸುಗುಸು. ಅವಳ ಅತ್ತೆ ಒಳಗೆ ಬಂದು ನನ್ನ ಕೈ ಹಿಡಿದು, "ಎಂತ ಆದ್ರೂ ನಮಗೆ ಅಡ್ಡಿಲ್ಲೆ. ಹೇಳಿದ್ದು ಒಳ್ಳೇದಾತು" ಅಂದರು. ನನಗೆ ತಲೆಬುಡ ತಿಳಿಯಲಿಲ್ಲ. ಅವರ ಹಿಂದೆ ಇನ್ನೊಬ್ಬಳು, "ಅವಳಿಗೆ ಹೇಳಿದ್ರಂತೆ, ನನಗೂ ಹೇಳಿ, ಯಾರಿಗೂ ಹೇಳೋದಿಲ್ಲ" ಅಂತ ಪಿಸುಗುಟ್ಟಿದಳು. ಅವಳ ಹಿಂದೆ ಮತ್ತೊಬ್ಬಳು. 'ಭ್ರೂಣಲಿಂಗ ಪತ್ತೆ ಅಪರಾಧ' ಅಂತ ಕೆಂಪಕ್ಷರದ ಬೋರ್ಡಿನ ಕೆಳಗೇ ಸಾಲು ಬೆಳೆಯಿತು.

ಡಾಕ್ಟರಮ್ಮ ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿದರು. "ಏನ್ರೀ, ಆಸ್ಪತ್ರೆ ಮುಚ್ಚಿಸಬೇಕು ಅಂತ ಮಾಡಿದ್ದೀರಾ? ಇಲ್ಲಿ 'ಕೂಸು' ಅಂದರೆ ಹೆಣ್ಣು ಮಗು. ಗಂಡಾದರೆ 'ಮಾಣಿ'."

ಅಯ್ಯೋ ದೇವರೇ! ನಮ್ಮ ಕಡೆ ಹೆಣ್ಣಾಗಲಿ ಗಂಡಾಗಲಿ, ತೊಟ್ಟಿಲಲ್ಲಿ ಇರುವುದೆಲ್ಲ ಕೂಸೇ. ಹೊರಗೆ ಹೋಗಿ, ನನಗೇನೂ ಗೊತ್ತಿಲ್ಲ, ಗೊತ್ತಾಗುವುದೂ ಇಲ್ಲ, ನಮ್ಮ ಮಾತೇ ಹೀಗೆ ಅಂತ ಇಡೀ ಬೆಂಚಿಗೆ ಕೈಮುಗಿದು ಹೇಳಿದೆ. ಎಲ್ಲರೂ ಹೂಂ ಅಂದರು. ಒಬ್ಬರೂ ನಂಬಲಿಲ್ಲ.

ಅವತ್ತಿನಿಂದ ಕೂಸು ಅನ್ನುವ ಶಬ್ದವನ್ನೇ ಬಿಟ್ಟೆ. ಎದೆಬಡಿತ ಕೇಳಿಸುವಾಗ ಬಹಳ ಎಚ್ಚರದಿಂದ, "ಒಳಗ ಇರೋದು ಆರಾಮ ಐತಿ" ಅನ್ನತೊಡಗಿದೆ. ಮುಂದಿನ ಗುರುವಾರವೇ ಒಬ್ಬಳು ಮೇಜಿನ ಮೇಲೆ ಎದ್ದು ಕೂತು ಅಳುತ್ತ ಕೇಳಿದಳು:

"'ಇರೋದು' ಅಂದ್ರೆ ಎಂತದು ಸಿಸ್ಟರ್? ಮಗು ಅಲ್ದಾ?"

ಅರಬೈಲ್ ಔಷಧಿ

ಯಲ್ಲಾಪುರದಾಕೆಗೆ ಒಂದು ನಂಬಿಕೆ. ದಿನ ತುಂಬಿದರೂ ನೋವು ಬಾರದಿದ್ದರೆ ಆಸ್ಪತ್ರೆ ಗೀಸ್ಪತ್ರೆ ಏನೂ ಬೇಡ, ಅರಬೈಲ್ ಘಟ್ಟ ಒಮ್ಮೆ ಇಳಿದು ಹತ್ತಿದರೆ ಸಾಕು ಅಂತ. ಆ ತಿರುವುಗಳಲ್ಲಿ ಗಟ್ಟಿ ಕೂತ ಮಗುವೂ ದಾರಿಗೆ ಬರುತ್ತದಂತೆ. "ನನ್ನ ಎರಡನೇದು ಹಾಗೇ ಬಂದದ್ದು" ಅಂತ ಎಲ್ಲರಿಗೂ ಹೇಳುವಳು. ಕಾನಸೂರಿನಾಕೆ ಅದನ್ನೂ 'ಮಾಡವು' ಕಾಲಮ್ಮಿಗೆ ಬರೆಯಹೊರಟಾಗ ನಾನು ಪೆನ್ನು ಕಿತ್ತುಕೊಂಡಿದ್ದೆ. ನಿನ್ನ ಹೊಟ್ಟೆಯಲ್ಲಿ ಇರುವುದು ಮಗು, ಲಾರಿಯ ಮೇಲಿನ ಮರದ ನಾಟಾ ಅಲ್ಲ ಅಂತ ಬೈದೆ.

ಕರ್ಮ ನೋಡಿ, ಅವಳದೇ ಮೂರನೆಯದಕ್ಕೆ ದಿನ ಕಳೆದರೂ ನೋವು ಬರಲಿಲ್ಲ. ಡಾಕ್ಟರಮ್ಮ ಎರಡು ದಿನ ನೋಡೋಣ ಅಂದರು. ಬೆಂಚು ಸುಮ್ಮನಿರುತ್ತದೆಯೇ? "ನೀನೇ ಹೇಳ್ತಿದ್ದೆಯಲ್ಲೆ, ಇಳಿ ಅರಬೈಲ್" ಅಂತ ಹಿಡಿದುಕೊಂಡಿತು. ಯಜಮಾನಿಕೆಯ ಪ್ರಶ್ನೆ. ನನಗೆ ಹೇಳದೆ, ಡಾಕ್ಟರಮ್ಮನಿಗೆ ಹೇಳದೆ, ಜತೆಗಿರಲಿ ಅಂತ, ಹೊಸದಾಗಿ ಮದುವೆಯಾದ ನಾದಿನಿಯನ್ನೂ ಹತ್ತಿಸಿಕೊಂಡು ಗಂಡನ ಲಾರಿಯಲ್ಲಿ ಹೊರಟೇ ಬಿಟ್ಟಳು.

ಘಟ್ಟ ಇಳಿದರು. ಕೆಳಗೆ ಚಾ ಕುಡಿದರು. ಮತ್ತೆ ಹತ್ತಿದರು. ಇವಳಿಗೆ ನೋವಿಲ್ಲ ಗೀವಿಲ್ಲ, ಹಸಿವೆ ಮಾತ್ರ ಜೋರಾಯಿತಂತೆ. ಪಾಪ, ಆ ನಾದಿನಿ ಪ್ರತಿ ತಿರುವಿಗೂ ಕಿಟಕಿಯಿಂದ ತಲೆ ಹೊರಗೆ ಹಾಕಿ ವಾಂತಿ. ಮೇಲೆ ಬಂದ ಮೇಲೂ ನಿಲ್ಲಲಿಲ್ಲ. ಮರುದಿನವೂ ನಿಲ್ಲಲಿಲ್ಲ. ಕೊನೆಗೆ ನಮ್ಮಲ್ಲಿಗೇ ಕರೆತಂದರು. ಪರೀಕ್ಷೆ ಮಾಡಿದ ಡಾಕ್ಟರಮ್ಮ, "ಇದು ಘಟ್ಟದ ವಾಂತಿ ಅಲ್ಲ. ಎರಡು ತಿಂಗಳು" ಅಂದರು.

ಯಲ್ಲಾಪುರದಾಕೆಗೆ ಮೂರು ದಿನ ಬಿಟ್ಟು ಆಸ್ಪತ್ರೆಯಲ್ಲೇ ಸುಖವಾಗಿ ಹೆರಿಗೆಯಾಯಿತು. ಅರಬೈಲ್ ಮೇಲಿನ ನಂಬಿಕೆ ಮಾತ್ರ ಹೋಗಲಿಲ್ಲ. "ನಾನು ಹೇಳಿರಲಿಲ್ವಾ, ಅರಬೈಲ್ ಇಳಿದ್ರೆ ಮಗು ಗ್ಯಾರಂಟಿ. ಯಾರಿಗೆ ಅಂತ ಹೇಳಿದ್ನಾ?" ಅಂದಳು.

ಮೂರು ಗಂಟು

ಹುಟ್ಟುವ ಮೊದಲು ಮಗುವಿನ ಬಟ್ಟೆ ತರಬಾರದು ಅಂತ ಈ ಸೀಮೆಯ ಎಷ್ಟೋ ಮನೆಗಳಲ್ಲಿ ಇದೆ, ನಮ್ಮ ಕಡೆಯೂ ಇದೆ. ಕಾನಸೂರಿನಾಕೆಯ ಅತ್ತೆ ಇದರಲ್ಲಿ ಬಹಳ ಬಿಗಿ. "ಒಂದು ನೂಲೂ ಮನೆಗೆ ಬರಲಾಗ" ಅಂತ ಅಪ್ಪಣೆ ಮಾಡಿದ್ದರು. ಎರಡು ಸಲ ಕಳೆದುಕೊಂಡ ಮನೆ. ಅವರ ಭಯ ನನಗೆ ಅರ್ಥವಾಗುತ್ತಿತ್ತು, ನಗಲು ಮನಸ್ಸು ಬರುತ್ತಿರಲಿಲ್ಲ.

ಆದರೆ ಬೆಂಚಿನ ಅಪ್ಪಣೆ ಬೇರೆ. ಏಳನೇ ತಿಂಗಳಿಗೆ ಬೀಳುತ್ತಲೂ ಆಸ್ಪತ್ರೆಯ ಚೀಲ ತಯಾರಿರಬೇಕು ಅಂತ. ಕಾನಸೂರಿನಾಕೆ ನನ್ನ ಹತ್ತಿರ ಬಂದು ಮೆಲ್ಲಗೆ, "ಸಿಸ್ಟರೇ, ಎರಡು ಜೊತೆ ಅಂಗಿ ಹೊಲಿದು ಬೀರುವಿನ ಹಿಂದೆ ಇಟ್ಟಿದ್ದೇನೆ. ಅತ್ತೆಗೆ ಹೇಳಬೇಡಿ" ಅಂದಳು. ಆಗಲಿ ಅಂದೆ.

ಅದರ ಮುಂದಿನ ವಾರ ಅತ್ತೆ, ಸೊಸೆ ಒಳಗೆ ಹೋದದ್ದು ನೋಡಿಕೊಂಡು ನನ್ನ ಪಕ್ಕ ಬಂದು ಕೂತರು. "ಹಳೇ ಪಂಚೆ ಹರಿದು, ಬಿಸಿನೀರಲ್ಲಿ ತೊಳೆದು, ಮೆತ್ತಗೆ ಮಾಡಿ ಗಂಟು ಕಟ್ಟಿ ಇಟ್ಟಿದ್ದೆ. ನಾಕು ಟೊಪ್ಪಿಯೂ ಇದ್ದು. ಸೊಸೆಗೆ ಹೇಳಡಿ, ನಾನೇ ಬೇಡ ಹೇಳಿ ನಾನೇ ಮಾಡಿದ್ರೆ ಚೊಲೋ ಇರ್ತಿಲ್ಲೆ" ಅಂದರು. 'ಹೇಳಡಿ' ಅಂದರೆ ಹೇಳಬೇಡಿ ಅಂತ. ಆಗಲಿ ಅಂದೆ.

ಅದರ ಮುಂದಿನ ವಾರ ಅವಳ ಗಂಡ. ಅವನಂತೂ ಬಾಗಿಲ ಹೊರಗೆ ಕರೆದು, ಕಾರಿನ ಡಿಕ್ಕಿ ತೆಗೆದು ತೋರಿಸಿದ. ಪ್ಯಾಂಟು, ಕೋಟು, ಬೂಟು, ಎಲ್ಲ ಎರಡು ವರ್ಷದ ಮಗುವಿನ ಅಳತೆ. "ಇದೇನ್ರೀ ಇಷ್ಟು ದೊಡ್ಡದು?" ಅಂದೆ. "ಬೆಳೀತಲ್ಲ ಸಿಸ್ಟರ್" ಅಂದ. "ಇಬ್ಬರಿಗೂ ಹೇಳಬೇಡಿ."

ಒಂದೇ ಕಾರಿನಲ್ಲಿ ಮೂವರೂ ಬರುತ್ತಿದ್ದರು, ಮೂವರೂ ಒಬ್ಬರಿಗೊಬ್ಬರು ಹೇಳದ ಗುಟ್ಟು ಇಟ್ಟುಕೊಂಡು. ಎಲ್ಲವೂ ಗೊತ್ತಿದ್ದವಳು ನಾನೊಬ್ಬಳೇ. ಆ ಮನೆಯಲ್ಲಿ ಇನ್ನೂ ಹುಟ್ಟದ ಮಗುವಿಗೆ ಇದ್ದಷ್ಟು ಬಟ್ಟೆ ನನಗೂ ಇರಲಿಲ್ಲ.

ಸುಳ್ಳು ನೋವು

ಒಂಬತ್ತರಲ್ಲಿ ಶುರುವಾಯಿತು ದೊಡ್ಡ ಪ್ರಶ್ನೆ. "ನೋವು ಹೇಳಿ ಹೆಂಗೆ ಗೊತ್ತಾಗ್ತು?", ನೋವು ಅಂತ ಹೇಗೆ ತಿಳಿಯುವುದು ಅಂತ ಕಾನಸೂರಿನಾಕೆ ಬೆಂಚನ್ನು ಕೇಳಿದಳು. ಒಬ್ಬಳು ಹೊಟ್ಟೆಯನ್ನು ಒದ್ದೆ ಬಟ್ಟೆ ಹಿಂಡಿದ ಹಾಗೆ ಹಿಂಡುತ್ತದೆ ಅಂದಳು. ಇನ್ನೊಬ್ಬಳು ಸೊಂಟ ಎರಡಾಗುತ್ತದೆ ಅಂದಳು. ಮತ್ತೊಬ್ಬಳು, "ಗಂಡನ ಮುಖ ನೋಡಿದ ಕೂಡಲೇ ಎರಡು ಬಿಡಬೇಕು ಅನಿಸ್ತದೆ, ಅದೇ ನೋವು" ಅಂದಳು. ಎಲ್ಲವನ್ನೂ ಬರೆದುಕೊಂಡಳು.

ಹೀಗೆ ಓದಿಕೊಂಡವಳು ಸುಮ್ಮನಿರುತ್ತಾಳೆಯೇ? ಹದಿನೈದು ದಿನದಲ್ಲಿ ಮೂರು ಸಲ ಕಾನಸೂರಿನಿಂದ ಶಿರಸಿಗೆ ಕಾರು ಹಾರಿಸಿಕೊಂಡು ಬಂದರು. ಮೊದಲನೆಯದು ಹಲಸಿನ ಕಡುಬಿನ ಗ್ಯಾಸು. ಎರಡನೆಯದು ಮಗು ಒದ್ದದ್ದು. ಮೂರನೇ ಸಲ ಹೊಟ್ಟೆ ಗಟ್ಟಿಯಾಗಿ ಬಿಟ್ಟು ಬಿಟ್ಟು ಬರುತ್ತಿತ್ತು, ಆಮೇಲೆ ತಾನೇ ನಿಂತಿತು. ಡಾಕ್ಟರಮ್ಮ ನೋಡಿ, "ಇದು ಸುಳ್ಳು ನೋವು. ಮನೆಗೆ ಹೋಗಿ" ಅಂದರು. ನಾವು ದಿನಕ್ಕೆ ಹತ್ತು ಸಲ ಹೇಳುವ ಮಾತು.

ಕಾನಸೂರಿನಾಕೆಯ ಮುಖ ಸಣ್ಣದಾಯಿತು. "ಆನು ಸುಳ್ಳು ಹೇಳಿದ್ನಿಲ್ಲೆ" ಅಂದಳು. ಅವರ 'ಆನು' ಅಂದರೆ ನಾನು, 'ಎಂಗೆ' ಅಂದರೆ ನನಗೆ, ಅಷ್ಟು ಆಗಲೇ ಕಲಿತಿದ್ದೆ. ಕಣ್ಣಲ್ಲಿ ದಳದಳ ನೀರು.

"ನೀ ಸುಳ್ಳಲ್ಲವ್ವಾ, ನೋವು ಸುಳ್ಳು" ಅಂದೆ ನಾನು, ಸಮಾಧಾನ ಮಾಡಲು.

"ಎಂಗೆ ಬಂದ ನೋವು ಸುಳ್ಳಾದ್ರೆ ಆನು ಖರೇ ಹೆಂಗಾಗ್ತೆ?"

ಅತ್ತೆ ಬೇರೆ ಸೆಟೆದು ನಿಂತು, "ನಮ್ಮ ಮನೇಲಿ ಸುಳ್ಳು ಹೇಳುವವರು ಯಾರೂ ಇಲ್ಲೆ" ಅಂದರು. ನನಗೆ ಮೂರು ಗಂಟು ನೆನಪಾಯಿತು.

ಹೊರಡುವಾಗ ಕಾನಸೂರಿನಾಕೆ ನನ್ನ ಕಡೆ ತಿರುಗಿ, "ಇನ್ನು ಹಾಂಗೆ ಆಗದಿಲ್ಲೆ ಸಿಸ್ಟರೇ. ಮುಂದಿನ ಸಲ ನಿಮಗೆ ಸರಿಯಾಗಿ ತಿಳಿಯ ಹಾಂಗೇ ಹೇಳ್ತೆ" ಅಂದಳು. ಆ ಮಾತನ್ನು ನಾನು ಗಮನಿಸಬೇಕಿತ್ತು. ಗಂಡ ಮಾತ್ರ ಕಾರು ಶುರು ಮಾಡಿದವನು ಮತ್ತೆ ಇಳಿದು ಬಂದು ಕೇಳಿದ:

"ಸಿಸ್ಟರ್, ಖರೇ ನೋವು ಬಂದಾಗ ನಿಮಗೆ ಹೇಗೆ ಗೊತ್ತಾಗ್ತದೆ?"

"ನಿಮ್ಮ ಹೇಣ್ತಿ ಹೇಳ್ತಾಳಲ್ರಿ."

"ಅಲ್ಲ, ಅವಳು ಹೇಳಿದ್ದು ನಿಮಗೆ ಹೇಗೆ ಗೊತ್ತಾಗ್ತದೆ?"

ಇಲ್ಲೆ

ಕಾನಸೂರಿನಾಕೆಯ ಹೆರಿಗೆಯ ದಿನಕ್ಕೆ ಇನ್ನೂ ಎಂಟು ದಿನ ಇದ್ದ ಗುರುವಾರ. ಮಾಮೂಲಿ ತಪಾಸಣೆ. ಬೆಂಚು ತುಂಬಿ, ಕಿಟಕಿಯ ಕಟ್ಟೆಯ ಮೇಲೂ ಜನ ಕೂತಿದ್ದರು. ಯಲ್ಲಾಪುರದಾಕೆ ಒಂದೂವರೆ ತಿಂಗಳ ಮಗುವಿಗೆ ಲಸಿಕೆ ಹಾಕಿಸಲು ಬಂದು, ಹಳೆಯ ಜಾಗದಲ್ಲೇ ಕಾಲು ಚಾಚಿದ್ದಳು. ಕಾನಸೂರಿನಾಕೆ ಅವಳ ಪಕ್ಕ. ಯಾವತ್ತೂ ಬರೆಯುವ ನೋಟ್‌ಬುಕ್ಕು ಮುಚ್ಚಿಯೇ ಇತ್ತು.

ನಾನು ಕಾರ್ಡು ಹಿಡಿದು ಸಾಲಾಗಿ ಕೇಳುತ್ತ ಬಂದೆ. "ನೋವು ಎಲ್ಲ್ಯಾರ ಐತೇನವ್ವಾ?"

ಆಕೆ ಸೊಂಟದ ಮೇಲೆ ಕೈ ಇಟ್ಟುಕೊಂಡು, ಬಹಳ ಸ್ಪಷ್ಟವಾಗಿ, "ಇಲ್ಲೆ" ಅಂದಳು.

ನಾನು ಶಿರಸಿಗೆ ಬಂದು ಆಗ ಎಂಟು ತಿಂಗಳು. ಈ ಸೀಮೆಯ ಮಾತನ್ನು ಅರೆದು ಕುಡಿದಿದ್ದೇನೆ ಅನ್ನುವ ಸೊಕ್ಕು. ಕಾರ್ಡಿನಲ್ಲಿ 'ನೋವು ಇಲ್ಲ' ಅಂತ ಬರೆದು ಮುಂದೆ ಹೋದೆ.

ಅರ್ಧ ತಾಸು ಬಿಟ್ಟು ಮತ್ತೆ ಆ ಕಡೆ ಬಂದೆ. ಅವಳ ಹಣೆಯಲ್ಲಿ ಬೆವರು. "ಈಗರ ಐತೇನು?" ಅಂದೆ.

"ಇಲ್ಲೆ. ಇಲ್ಲೆ ಸಿಸ್ಟರೇ. ಇಲ್ಲೆ!"

"ಛಲೋ ಆತು ತಗೋ. ಒಂದ ಸಲ ಹೇಳಿದ್ರ ಸಾಕು, ನನಗ ತಿಳೀತೈತಿ" ಅಂದೆ. ಬೆವರು ನೋಡಿ ಫ್ಯಾನು ಜೋರು ಮಾಡಿದೆ.

ಯಲ್ಲಾಪುರದಾಕೆ ಮಗುವನ್ನು ಹೆಗಲಿಗೆ ಹಾಕಿಕೊಂಡು ಎದ್ದು ನಿಂತಳು. "ಸಿಸ್ಟರೇ, ಇದು ಇಲ್ಲ ಅನ್ನೋ ಮುಖ ಅಲ್ಲ."

"ನೀವು ಸುಮ್ನ ಕೂಡ್ರಿ. ಅವರ ಭಾಷ್ಯಾಗ 'ಇಲ್ಲೆ' ಅಂದ್ರ ಇಲ್ಲ ಅಂತ. ನನಗ ಹೇಳಿಕೊಡಬ್ಯಾಡ್ರಿ."

"ಭಾಷೆ ನಿಮಗೆ ಗೊತ್ತು. ಮೂರು ಹೆತ್ತವಳು ನಾನು. ಅವಳ ಕೈ ನೋಡಿ!"

ನೋಡಿದೆ. ಬೆಂಚಿನ ಅಂಚನ್ನು ಹಿಡಿದ ಬೆರಳುಗಳು ಬಿಳಿಚಿದ್ದವು. ಕೆಳಗೆ ನೀರು ಹರಿದಿತ್ತು.

ಆಮೇಲೆ ನಾನು ಹೇಗೆ ಓಡಿದೆ, ಯಾರು ಸ್ಟ್ರೆಚರ್ ತಂದರು, ಒಂದೂ ನೆನಪಿಲ್ಲ. ಎರಡು ಸಲ ಕೈತಪ್ಪಿದ್ದು ಮಾತ್ರ ತಲೆಯಲ್ಲಿ ಸುತ್ತುತ್ತಿತ್ತು. ಮೂರನೆಯದು ನನ್ನ ಜಾಣತನದಿಂದ ಹೋದರೆ ನಾನು ಹೇಗೆ ಬದುಕಲಿ? ಅವಳನ್ನು ಮೇಜಿನ ಮೇಲೆ ಮಲಗಿಸುವುದಕ್ಕೂ, ಡಾಕ್ಟರಮ್ಮ ಕೈಗವಸು ಹಾಕುವುದಕ್ಕೂ, ಮಗುವಿನ ತಲೆ ಕಾಣುವುದಕ್ಕೂ ಸರಿಹೋಯಿತು. ಹತ್ತು ನಿಮಿಷದಲ್ಲಿ ಮಗು ಹೊರಗೆ. ಒಂದು ಗಳಿಗೆ ಸದ್ದಿಲ್ಲ. ಆಮೇಲೆ ಅತ್ತಿತು ನೋಡಿ, ಅಷ್ಟು ಚೆಂದದ ಅಳು ನನ್ನ ಇಡೀ ಸರ್ವೀಸಿನಲ್ಲಿ ಕೇಳಿಲ್ಲ. ನಾನೂ ಅತ್ತೆ.

ಮಗು ತಾಯಿಯ ಎದೆಯ ಮೇಲೆ ಸುಮ್ಮನಾಯಿತು. ಡಾಕ್ಟರಮ್ಮ ಕಾರ್ಡು ನೋಡಿದರು. 'ನೋವು ಇಲ್ಲ.' ನನ್ನದೇ ಅಕ್ಷರ.

"ಯಾಕೆ ಹೇಳಲಿಲ್ಲ?" ಅಂತ ತಾಯಿಯನ್ನು ಕೇಳಿದರು.

"ಹೇಳಿದೆ. ನಾಕು ಸಲ ಹೇಳಿದೆ" ಅಂದಳು ಆಕೆ, ಬಳಲಿದ ಮುಖದಲ್ಲಿ ನಗುತ್ತ. "ಸಿಸ್ಟರಿಗೆ ತಿಳಿಯಲಿ ಹೇಳಿ ಸಿಸ್ಟರ್ ಭಾಷೆಲೇ ಹೇಳಿದೆ."

ಅವಳ ಚೀಲದಿಂದ ನೋಟ್‌ಬುಕ್ಕು ತೆಗೆದು ಕೊನೆಯ ಪುಟ ಬಿಡಿಸಿದೆ. ಅವತ್ತು ಅಂಗೈ ಅಡ್ಡ ಇಟ್ಟ ಪುಟ. ಮೇಲೆ ತಲೆಬರಹ: 'ಸಿಸ್ಟರ್ ಭಾಷೆ.' ಕೆಳಗೆ ಏಳು ತಿಂಗಳ ಪಾಠ. 'ಐತಿ ಅಂದರೆ ಇದ್ದು. ಕೂಸು ಅಂದರೆ ಎಂತದಾದರೂ ಅಡ್ಡಿಲ್ಲೆ. ಇಲ್ಲೆ ಅಂದರೆ ಇಲ್ಲಿ.' ನನಗಾಗಿ ಅವಳು ನನ್ನ ಮಾತು ಕಲಿತಿದ್ದಳು, ಅವಳಿಗಾಗಿ ನಾನು ಅವಳದ್ದು. ಇಬ್ಬರೂ ಪಾಸಾಗಿ ಮಗುವನ್ನು ಬೆಂಚಿನ ಮೇಲೆ ಹೆರಿಸುವುದರಲ್ಲಿದ್ದೆವು.

ಇನ್ನು ಸಾಯುವತನಕ ಆ ಶಬ್ದ ಬಾಯಲ್ಲಿ ತರುವುದಿಲ್ಲ ಅಂತ ಆಣೆ ಮಾಡಿಕೊಂಡು, ಎರಡೂ ಕೈಯಲ್ಲಿ ಟ್ರೇ ಹಿಡಿದು ಹೊರಗೆ ಬಂದೆ. ಎದುರಿಗೇ ಅತ್ತೆ. ಸೊಸೆಯನ್ನು ಒಳಗೆ ಒಯ್ದದ್ದು ತಿಳಿದು ಕಾರಿಗೆ ಓಡಿ, ಸೀಟಿನ ಕೆಳಗಿದ್ದ ತಮ್ಮ ಗುಟ್ಟಿನ ಗಂಟನ್ನು ಎದೆಗವಚಿಕೊಂಡು ಬಂದಿದ್ದರು. ಏದುಸಿರು.

"ಮಗು?" ಅಂದರು. "ಮಗು ಎಲ್ಲಿದ್ದು ಸಿಸ್ಟರೇ?"

ಖುಷಿಯಲ್ಲಿ ಆಣೆ ಎಲ್ಲಿ ನೆನಪಿರುತ್ತದೆ? ಮುಖದ ತುಂಬ ನಗುತ್ತ ಹೇಳಿದೆ:

"ಇಲ್ಲೆ!"

ಅವರು ನನ್ನನ್ನೇ ನೋಡಿದರು. "ಇಲ್ಲೆ?"

"ಇಲ್ಲೆ ರೀ, ಇಲ್ಲೆ!" ಅಂತ ಇನ್ನೂ ಜೋರಾಗಿ ನಕ್ಕೆ.

ಗಂಟು ಕೈಯಿಂದ ಜಾರಿತು. ಹಳೇ ಪಂಚೆಯ ಮೆತ್ತನೆ ತುಂಡುಗಳು, ನಾಲ್ಕು ಪುಟ್ಟ ಟೊಪ್ಪಿಗಳು, ಎಲ್ಲ ನೆಲದ ಮೇಲೆ ಚೆಲ್ಲಿದವು. ಅವರು ಗೋಡೆ ಹಿಡಿದು ಕುಸಿದರು. ಇಡೀ ಬೆಂಚು ಎದ್ದು ನಿಂತಿತು. ನನಗೆ ಆಗ ಹೊಳೆಯಿತು ಏನು ಹೇಳಿದೆ ಅಂತ. ಬಾಯಿ ತೆರೆದರೆ ಮತ್ತೇನು ಬಂದೀತೋ ಅಂತ ಹೆದರಿ ಬಾಯಿ ತೆರೆಯಲೂ ಆಗಲಿಲ್ಲ.

ಅಷ್ಟರಲ್ಲಿ ಒಳಗಿನಿಂದ ಮಗು ಕಿಟ್ಟನೆ ಅತ್ತಿತು.

ಅತ್ತೆ ತಲೆ ಎತ್ತಿದರು. "ಹಾಂಗಾದ್ರೆ... ಅದು ಯಾರು?"

"ನಿಮ್ಮ ಮೊಮ್ಮಗಳು ರೀ. ಕೂಸು! ಈ ಸಲ ನಿಮ್ಮ ಭಾಷ್ಯಾಗ ಕೂಸು!"

ಅವರು ನೆಲದ ಮೇಲಿಂದ ಒಂದೊಂದೇ ಬಟ್ಟೆ ಆರಿಸಿಕೊಂಡರು. ಒಂದು ಟೊಪ್ಪಿಯಲ್ಲಿ ಕಣ್ಣೊರೆಸಿಕೊಂಡು, ಅದೇ ಟೊಪ್ಪಿಯನ್ನು ನನ್ನ ಮುಖದ ಮುಂದೆ ಆಡಿಸುತ್ತ ಹೇಳಿದರು:

"ಸಿಸ್ಟರೇ, ಇನ್ನು ಮೇಲೆ ಬಾಯಲ್ಲಿ ಹೇಳಡಿ. ಕೈ ಮಾಡಿ ತೋರಿಸಿ, ಸಾಕು."

ನಾನು ಟ್ರೇ ಕೆಳಗಿಟ್ಟು, ತುಟಿ ಬಿಗಿಹಿಡಿದು, ಬಾಗಿಲ ಕಡೆ ಕೈ ಮಾಡಿದೆ.